ಕಸಕ್ಕಾಗಿ ಕೊಂಡ ಹಣ್ಣು

ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ದಿನ ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ. ಮೇಜಿನ ಮೇಲೆ ಒಣಗಿದ ದಾಳಿಂಬೆ ಸಿಪ್ಪೆಯ ಒಂದು ತುಂಡು ಇಟ್ಟುಕೊಂಡಿದ್ದರು. ಅದನ್ನು ಬೆರಳ ತುದಿಯಿಂದ ನನ್ನ ಕಡೆಗೆ ತಳ್ಳಿ, "ಇದ್ರೊಳಗಿರೋ ಔಷ್ದಿನ ಈಚೆಗೆ ತೆಗ್ಯಕ್ಕೆ ಆಯ್ತದಾ ಮೇಡಂ?" ಎಂದರು. ಆಗುತ್ತದೆ ಎಂದೆ. ನಾನು ಕೈಯಲ್ಲಿ ಹಿಡಿದುಕೊಂಡು ಹೋಗಿದ್ದ ಎಂ.ಎಸ್ಸಿ. ಅಂಕಪಟ್ಟಿಯನ್ನು ಅವರು ತೆರೆದೂ ನೋಡಲಿಲ್ಲ. ನಾಳೆಯಿಂದ ಬನ್ನಿ ಎಂದರು. ಅದಕ್ಕೆ ಮುಂಚೆ ನಾನು ದುಡಿಯುತ್ತಿದ್ದ ಬಣ್ಣದ ಕಾರ್ಖಾನೆ ಬಾಗಿಲು ಹಾಕಿತ್ತು. ಲಗ್ಗೆರೆಯ ನನ್ನ ಮನೆಯಿಂದ ಪೀಣ್ಯದ ಈ ಶೆಡ್ಡಿಗೆ ನಡೆದೇ ಹೋಗಬಹುದಿತ್ತು. ಹಾಗಾಗಿ ಒಪ್ಪಿಕೊಂಡೆ.

ಮಾಲೀಕರು ಕುಂದಲಹಳ್ಳಿ ಕಡೆಯ ಹಳೆಯ ಬೇಸಾಯಗಾರರ ಮನೆಯವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಗಾಜಿನ ಕಟ್ಟಡ ನಿಂತಿತ್ತು. ಬಾಡಿಗೆ ತಾನಾಗಿ ಬಂದು ಬೀಳುತ್ತಿತ್ತು. ಅವರಿಗೆ ಇಲ್ಲದೆ ಇದ್ದದ್ದು ವಿಸಿಟಿಂಗ್ ಕಾರ್ಡಿನ ಮೇಲೆ ಹಾಕಿಕೊಳ್ಳಲು ಒಂದು ಪದವಿ ಮಾತ್ರ. ಯಾವುದೋ ದೊಡ್ಡ ಹೋಟೆಲಿನ ಸಭೆಗೆ ಹೋಗಿ ಕೂತಿದ್ದಾಗ, ದಾಳಿಂಬೆಯಲ್ಲಿ ಕಾಳಿಗಿಂತ ಸಿಪ್ಪೆಯಲ್ಲೇ ಹೆಚ್ಚು ಸತ್ವವಿದೆ, ಊರಿನ ಜ್ಯೂಸ್ ಅಂಗಡಿಗಳೆಲ್ಲ ಅದನ್ನು ಬೀದಿಗೆ ಸುರಿಯುತ್ತಿವೆ ಎಂದು ಯಾರೋ ಹೇಳಿದ್ದನ್ನು ಕೇಳಿಸಿಕೊಂಡಿದ್ದರು. ಆ ಸಭೆಯಲ್ಲಿ ಅವರು ಕೇಳಿಸಿಕೊಂಡು ಬಂದ ಮಾತುಗಳಲ್ಲಿ ನಿಜವಾಗಿದ್ದದ್ದು ಬಹುಶಃ ಅದೊಂದೇ. ಸಿಪ್ಪೆಯನ್ನು ಕಚ್ಚಿದರೆ ನಾಲಿಗೆ ಹಿಡಿದುಕೊಳ್ಳುವ ಒಗರು ಇದೆಯಲ್ಲ, ಆ ಒಗರಿನಲ್ಲೇ ಒಳ್ಳೆಯದೆಲ್ಲ ಇರುವುದು. ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಬತ್ತಿಸಿ, ಒಣಗಿಸಿದರೆ ಪುಡಿಯಾಗಿ ಕೈಗೆ ಸಿಗುತ್ತದೆ. ಅದನ್ನು ಕ್ಯಾಪ್ಸೂಲಿಗೆ ತುಂಬಿ ಮಾರುವ ಕಂಪನಿಗಳು ಹೊರದೇಶದಲ್ಲಿ ಬೇಕಾದಷ್ಟಿದ್ದವು.

ಇಷ್ಟಕ್ಕೆ ಒಬ್ಬ ಸಲಹೆಗಾರರೂ ಇದ್ದರು. ಯಾವುದೋ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೇಳುತ್ತಿದ್ದದ್ದು ರೇಷ್ಮೆ ಹುಳುವಿನ ಪಾಠ. ಆದರೆ ಹೆಸರಿನ ಹಿಂದೆ ಡಾಕ್ಟರ್ ಇತ್ತು, ಮಾಲೀಕರಿಗೆ ಅಷ್ಟೇ ಬೇಕಾಗಿದ್ದದ್ದು. ಮಾಲೀಕರ ಕಾರಿನಲ್ಲಿ ಬಂದು, ಕಾಫಿ ಕುಡಿದು, ನಾನು ತೋರಿಸಿದ ಯಾವ ಲೋಟದೊಳಗೆ ಇಣುಕಿದರೂ ಎಕ್ಸಲೆಂಟ್ ಎನ್ನುತ್ತಿದ್ದರು. ಅವರು ಆ ಕಾರ್ಖಾನೆಗೆ ಕೊಟ್ಟ ದೊಡ್ಡ ಕೊಡುಗೆಯೆಂದರೆ ಅಲ್ಲಿ ಯಾರೂ ಕಸ ಎಂಬ ಮಾತನ್ನು ಆಡಕೂಡದು ಎಂದು ಮಾಡಿಸಿದ್ದು. ಅದನ್ನು ಸಂಪನ್ಮೂಲ ಎನ್ನಬೇಕಿತ್ತು. ಕಸ ತರುವ ಟೆಂಪೊಗೆ ಹಸಿರು ಬಣ್ಣ ಬಳಿಸಿ, ಎಲೆಯೊಂದರ ಚಿತ್ರ ಬರೆಸಿದ್ದೂ ಅವರೇ.

ಸಂಪನ್ಮೂಲ ಬರುತ್ತಿದ್ದದ್ದು ವೈಟ್‌ಫೀಲ್ಡ್ ಕಡೆಯ ಆಫೀಸುಗಳ ಫುಡ್ ಕೋರ್ಟುಗಳಿಂದ. ನಮ್ಮ ಶೆಡ್ಡಿನಲ್ಲಿ ಟೆಂಪೊ ಹಿಂಬಾಗಿಲು ತೆರೆದರೆ ಮೊದಲು ನೊಣ ಇಳಿಯುತ್ತಿದ್ದವು, ಆಮೇಲೆ ಸಿಪ್ಪೆ. ಸಿಪ್ಪೆಯ ಜೊತೆಗೆ ಸ್ಟ್ರಾ, ಟಿಶ್ಯೂ ಕಾಗದ, ಅರ್ಧ ತಿಂದ ನೂಡಲ್ಸು, ಸಾಂಬಾರು, ಒಮ್ಮೊಮ್ಮೆ ಚಮಚ. ನಮ್ಮ ಎಡಕ್ಕೆ ಲೋಹಕ್ಕೆ ಹೊಳಪು ಕಟ್ಟುವ ಅಂಗಡಿಯಿತ್ತು. ಅಲ್ಲಿನ ಆಸಿಡ್ ಹೊಗೆಗೆ ರಸ್ತೆಯಲ್ಲಿ ಹೋಗುವವರು ಸೆರಗು, ಕರ್ಚೀಫು ಮುಖಕ್ಕೆ ಒತ್ತಿಕೊಂಡು ದಾಟುತ್ತಿದ್ದರು. ಅದರ ಯಜಮಾನ ನಮ್ಮಲ್ಲಿಗೆ ಬಂದು, ನಿಮ್ಮ ಹಣ್ಣಿನ ವಾಸನೆಗೆ ತನ್ನ ಆಳುಗಳಿಗೆ ತಲೆನೋವು ಬರುತ್ತಿದೆ ಎಂದು ಜಗಳ ತೆಗೆದ. ಹಾಗೆ ಹೇಳುವಾಗಲೂ ಅವನು ಕೆಮ್ಮುತ್ತಿದ್ದ.

ಸಿಪ್ಪೆ ಆರಿಸಲು ಉತ್ತರ ಕರ್ನಾಟಕದ ಕಡೆಯ ಹೆಂಗಸರು ಕೆಲವರಿದ್ದರು. ಗಂಡಂದಿರು ಗಾರೆ ಕೆಲಸಕ್ಕೆ ಹೋಗುವವರು. ಎಲ್ಲರೂ ಲಗ್ಗೆರೆಯಲ್ಲಿ ಒಂದೊಂದು ಕೋಣೆ ಹಿಡಿದಿದ್ದರು. ಅವರಲ್ಲಿ ಒಬ್ಬಳು ಕುಷ್ಟಗಿ ಕಡೆಯವಳು. ನನಗಿಂತ ಸ್ವಲ್ಪ ದೊಡ್ಡವಳು, ಕಟ್ಟುಮಸ್ತಾದ ಆಳು. ಯಾರಿಗೂ ಎದುರು ಮಾತಾಡುವವಳಲ್ಲ, ಆದರೆ ಅವಳ ಮುಖವೇ ಎಲ್ಲ ಹೇಳಿಬಿಡುತ್ತಿತ್ತು. ಒಂದು ದಿನ ಕಸದಲ್ಲಿ ಯಾವುದೋ ಕಂಪನಿಯ ಹುಡುಗನ ಗುರುತಿನ ಚೀಟಿ, ಅದರ ನೀಲಿ ಪಟ್ಟಿಯ ಸಮೇತ ಸಿಕ್ಕಿತು. ಅವಳು ಅದನ್ನು ತೊಳೆದು ಕೊರಳಿಗೆ ಹಾಕಿಕೊಂಡು ಸಂಜೆಯವರೆಗೂ ಸಿಪ್ಪೆ ಆರಿಸಿದಳು. ಸಲಹೆಗಾರರು ಅದೇನೆಂದು ಕೇಳಿದರೆ, ಕಳಕೊಂಡವರು ಬಂದರೆ ಕೊಡಬೇಕಲ್ರಿ ಎಂದಳು. ಅವರಿಗೆ ಅದು ಹಾಸ್ಯವೋ ನಿಜವೋ ತಿಳಿಯದೆ ಎಕ್ಸಲೆಂಟ್ ಎಂದು ಒಳಗೆ ಹೋದರು.

ಸಿಪ್ಪೆ ಬೇರೆಯಾಗಿ ಬರಲಿ ಎಂದು ಹೇಳಿಬರಲು ನಾನೊಮ್ಮೆ ಟೆಂಪೊದಲ್ಲೇ ವೈಟ್‌ಫೀಲ್ಡಿಗೆ ಹೋದೆ. ಕೊರಳಿಗೆ ಪಟ್ಟಿ ಹಾಕಿಕೊಂಡವರ ಸಾಲು ಜ್ಯೂಸಿನ ಕೌಂಟರಿನ ಮುಂದೆ ನಿಂತಿತ್ತು. ಅವರಿಗೆ ಹಣ್ಣನ್ನು ಎದುರಿಗೇ ಕತ್ತರಿಸಬೇಕು. ಆಮೇಲೆ ಸೋಸಿ ನಾರು ತೆಗೆದುಬಿಡಬೇಕು. ಒಗರು ಚೂರೂ ಇರಕೂಡದು, ಅದಕ್ಕೆ ಸಕ್ಕರೆ. ಹೀಗೆ ಹಣ್ಣಿನಲ್ಲಿ ಇದ್ದಬದ್ದ ಒಳ್ಳೆಯದನ್ನೆಲ್ಲ ತೆಗೆಸಿ ಕೆಂಪು ಸಕ್ಕರೆ ನೀರು ಕುಡಿಯುವ ಈ ಜನವೇ, ಅದೇ ಕಟ್ಟಡದ ಕೆಳಗಿನ ಮೆಡಿಕಲ್ ಅಂಗಡಿಯಲ್ಲಿ ಆರೋಗ್ಯದ ಮಾತ್ರೆಗಳ ಡಬ್ಬಿ ತಿರುಗಿಸಿ ತಿರುಗಿಸಿ ಓದುತ್ತಿದ್ದರು. ಕೌಂಟರಿನವನು ಸಿಪ್ಪೆ ಬೇರೆ ಹಾಕಲು ಒಪ್ಪಿಕೊಂಡ. ಮಾರನೆಯ ದಿನ ಬಂದ ಮೂಟೆಯಲ್ಲಿ ಎಂದಿಗಿಂತ ಹೆಚ್ಚು ನೂಡಲ್ಸಿತ್ತು.

ಅಂತೂ ಮೊದಲ ಸಾರ ತೆಗೆಯುವ ದಿನ ಬಂತು. ಸಿಪ್ಪೆ ನೆನೆಸಲು ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಯೇ ಬೇಕೆಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೆ. ಮಾಲೀಕರು ಗುಜರಿಯಲ್ಲಿ ಸಿಕ್ಕ ಕಬ್ಬಿಣದ ದೊಡ್ಡ ತೊಟ್ಟಿಯೊಂದನ್ನು ಉಜ್ಜಿಸಿ ಹೊಳಪು ಮಾಡಿಸಿ ತಂದು ನಿಲ್ಲಿಸಿದರು. ಒಗರಿನ ಸಾರ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನೇ ಹಾಗೆ ಮಾಡುತ್ತಿದ್ದರು ಎಂದೆ. ಸಲಹೆಗಾರರು ನನ್ನ ಕಡೆ ನೋಡಿ ನಕ್ಕು, ಅದು ಪುಸ್ತಕದ ಮಾತು ಎಂದರು. ತೊಟ್ಟಿಗೆ ಹೂವಿನ ಹಾರ ಹಾಕಿ, ತೆಂಗಿನಕಾಯಿ ಒಡೆದು, ಸಿಪ್ಪೆ ನೀರು ತುಂಬಿ ಬಿಸಿ ಮಾಡಿದೆವು. ಕೆಳಗಿನ ನಲ್ಲಿ ತಿರುಗಿಸಿದಾಗ ಬಂದದ್ದು ಕಾಡಿಗೆಯಂಥ ಕಪ್ಪು ನೀರು. ಮಾಲೀಕರ ಬಿಳಿ ಪಂಚೆಯ ಅಂಚಿಗೆ ಅದು ಸಿಡಿಯಿತು. ಸಲಹೆಗಾರರು ಲೋಟವನ್ನು ಬೆಳಕಿಗೆ ಹಿಡಿದು, ತುಂಬ ಗಟ್ಟಿ ಸಾರ ಬಂದಿದೆ ಎಂದರು.

"ಸಾರ್, ಇದರಲ್ಲಿ ಕಾಗದ ಬರೀಬಹುದು. ಕುಡಿಯೋಕಾಗಲ್ಲ" ಎಂದೆ.

ಮಾಲೀಕರು ಪಂಚೆಯನ್ನೇ ನೋಡುತ್ತ ಹೊರಗೆ ಹೋದರು. ಆ ಕಲೆ ಹೋಗಲಿಲ್ಲವೆಂದು ಆಮೇಲೆ ಗೊತ್ತಾಯಿತು. ಸ್ಟೀಲಿನ ಪಾತ್ರೆ ಬಂತು.

ಅದರಲ್ಲಿ ತೆಗೆದ ಸಾರ ಕಂದು ಬಣ್ಣಕ್ಕೆ ಬಂತು. ಒಣಗಿಸಿದರೆ ಹುರಿಗಡಲೆ ಹಿಟ್ಟಿನಂಥ ನಯವಾದ ಪುಡಿ. ನಾಲಿಗೆಗೆ ಇಟ್ಟರೆ ಕೆನ್ನೆಯ ಒಳಗೆಲ್ಲ ಎಳೆದು ಹಿಡಿಯುತ್ತಿತ್ತು. ಹೊರಗೆ ಪರೀಕ್ಷೆಗೆ ಕಳಿಸಿದಾಗ ಒಳ್ಳೆಯ ವರದಿಯೇ ಬಂತು. ನನಗೆ ನಿಜಕ್ಕೂ ಖುಷಿಯಾಯಿತು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಜನ ಎಂಜಲು ಮಾಡಿ ಎಸೆದದ್ದನ್ನು ಆರಿಸಿ, ತೊಳೆದು, ಅದರಿಂದ ಇಂಥದೊಂದು ವಸ್ತುವನ್ನು ತೆಗೆಯುವುದು ಸುಮ್ಮನೆ ಮಾತಲ್ಲ. ಕುಷ್ಟಗಿಯಾಕೆಯೂ ಒಂದು ಚಿಟಿಕೆ ನೆಕ್ಕಿ ಮುಖ ಕಿವುಚಿದಳು. ಹೊಟ್ಟೆ ಕೆಟ್ಟಾಗ ಊರಲ್ಲಿ ಇದನ್ನೇ ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಾರೆ ಎಂದಳು. ನಮ್ಮ ಮನೆಯಲ್ಲೂ ಕೊಡುತ್ತಿದ್ದರು. ಆ ಕೆಲವು ತಿಂಗಳು ನಾವು ಮಾಡಿದ್ದು ನೇರವಾದ ಕೆಲಸ.

ಕೆಡಿಸಿದ್ದು ಅತಿಥಿಗಳು. ಹೊರದೇಶದ ಕಂಪನಿಯೊಂದು ನಮ್ಮ ಪುಡಿಯ ಮಾದರಿ ಮೆಚ್ಚಿ, ಕಾರ್ಖಾನೆ ನೋಡಲು ಇಬ್ಬರನ್ನು ಕಳಿಸುತ್ತೇವೆ ಎಂದಿತು. ಅವರಿಗೆ ಮುಖ್ಯವಾಗಿ ನೋಡಬೇಕಾಗಿದ್ದದ್ದು ಕಸವನ್ನೇ. ಕಸದಿಂದ ತೆಗೆದದ್ದು ಎಂದು ಡಬ್ಬಿಯ ಮೇಲೆ ಹಾಕಿದರೆ ಅವರಲ್ಲಿ ಹೆಚ್ಚು ಬೆಲೆ. ಮಾಲೀಕರು ಶೆಡ್ಡಿನೊಳಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ಸಿಪ್ಪೆಯ ರಾಶಿಯನ್ನು ಮೊದಲ ಸಲ ಸರಿಯಾಗಿ ನೋಡಿದರು. ಕಪ್ಪುಗಟ್ಟಿದ್ದು, ಬೂಷ್ಟು ಹಿಡಿದದ್ದು, ಸಾಂಬಾರು ಮೆತ್ತಿದ್ದು. ಇದನ್ನು ಫಾರಿನ್ನವರಿಗೆ ತೋರಿಸಲು ಆಗುತ್ತದೆಯೇ ಎಂದು ಕೇಳಿದರು. ಕಸ ಎಂದರೆ ಹೀಗೇ ಇರುವುದು ಸಾರ್ ಎಂದೆ. ಸಲಹೆಗಾರರು, ಸಂಪನ್ಮೂಲವನ್ನು ಸ್ವಲ್ಪ ಸುಧಾರಿಸಬಹುದು ಎಂದರು.

ಸುಧಾರಿಸಿದ್ದು ಹೀಗೆ. ಅತಿಥಿಗಳು ಬರುವ ಹಿಂದಿನ ದಿನ ಸಗಟು ಮಾರುಕಟ್ಟೆಯಿಂದ ಕ್ರೇಟುಗಟ್ಟಲೆ ದಾಳಿಂಬೆ ಬಂತು. ಕೆಂಪಗೆ ಹೊಳೆಯುವ, ಒಂದೂ ಕಲೆಯಿಲ್ಲದ ಹಣ್ಣು. ಇವನ್ನೆಲ್ಲ ಸುಲಿದು ಸಿಪ್ಪೆಯನ್ನು ರಾಶಿ ಹಾಕಿ, ಹಳೆಯ ಸಿಪ್ಪೆಯನ್ನು ಕಾಣದ ಹಾಗೆ ಸಾಗಿಸಿ ಎಂದು ಅಪ್ಪಣೆಯಾಯಿತು. ಹೆಂಗಸರು ಗೋಡೆಗೊರಗಿ ಕೂತು ಸುಲಿದರು. ಕಾಳುಗಳನ್ನು ನೀಲಿ ಡ್ರಮ್ಮುಗಳಿಗೆ ಸುರಿದರು. ಕುಷ್ಟಗಿಯಾಕೆ ಒಂದು ಹಣ್ಣು ಬಿಡಿಸಿ ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಕರೆದಳು.

"ಮೇಡಂರಿ, ಇದರಾಗ ಒಗಿಯೂದು ಯಾವುದು, ಇಟ್ಕೊಳ್ಳೂದು ಯಾವುದು? ಮತ್ತೊಮ್ಮೆ ಹೇಳ್ರಿ."

ನಾನು ಡ್ರಮ್ಮಿನ ಕಡೆ ಕೈ ತೋರಿಸಿದೆ. ಅವಳು ಕಾಳನ್ನು ಅಲ್ಲಿಗೆ ಉದುರಿಸಿ ಇನ್ನೊಂದು ಹಣ್ಣು ತೆಗೆದುಕೊಂಡಳು.

ಅತಿಥಿಗಳಲ್ಲಿ ಒಬ್ಬರು ಹೆಂಗಸು, ಒಬ್ಬರು ಗಂಡಸು. ಹೆಂಗಸೇ ಹಿರಿಯ ಅಧಿಕಾರಿ. ಮಾಲೀಕರು ಶಾಲು ಹೊದಿಸಿದರು, ಸಲಹೆಗಾರರು ಭಾಷಣ ಮಾಡಿದರು, ಶೆಡ್ಡಿಗೆಲ್ಲ ಸುಗಂಧ ಸಿಂಪಡಿಸಿದ್ದರಿಂದ ಎಲ್ಲರೂ ಸೀನಿದೆವು. ಆಕೆ ರಾಶಿಯ ಬಳಿ ಬಗ್ಗಿ ಒಂದು ಸಿಪ್ಪೆಯನ್ನು ಎತ್ತಿಕೊಂಡರು. ಒಳಗಿನ ತೊಗಲು ಇನ್ನೂ ಹಾಲಿನಷ್ಟು ಬೆಳ್ಳಗಿತ್ತು. ಹಣ್ಣು ತಿಂದು ಬಲ್ಲ ಯಾರಿಗಾದರೂ ಅದು ಆಗಷ್ಟೇ ಸುಲಿದದ್ದೆಂದು ತಿಳಿಯುವಂತಿತ್ತು. ಆಕೆ ನನ್ನ ಮುಖ ನೋಡಿ ಸಣ್ಣಗೆ ನಕ್ಕು, ನಿಮ್ಮ ಊರಿನ ಕಸ ನಮ್ಮ ಮನೆಯ ಹಣ್ಣಿಗಿಂತ ಚೆನ್ನಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಈಗ ಸಿಕ್ಕಿಬಿದ್ದೆವು, ಒಳ್ಳೆಯದೇ ಆಯಿತು ಎಂದುಕೊಂಡೆ. ಆಕೆ ಸಿಪ್ಪೆಯನ್ನು ಮೆಲ್ಲಗೆ ಹಿಂದಕ್ಕಿಟ್ಟು, ಕ್ಯಾಮರಾ ತೆಗೆದು, ರಾಶಿಯ ಫೋಟೊ ತೆಗೆದುಕೊಂಡರು. ಫೋಟೊ ಚೆನ್ನಾಗಿ ಬರಲೆಂದು ಒಂದೆರಡು ಸಿಪ್ಪೆಯನ್ನು ಅವರೇ ತಿರುಗಿಸಿಟ್ಟರು. ನಾನು ಅದುವರೆಗೆ ಮಾಲೀಕರನ್ನು ಮಾತ್ರ ತಿರಸ್ಕಾರದಿಂದ ನೋಡುತ್ತಿದ್ದೆ. ಅವರಿಗೇನೋ ತಿಳಿವಳಿಕೆ ಸಾಲದು ಎನ್ನಬಹುದಿತ್ತು. ಈಕೆಗೆ ಎಲ್ಲ ತಿಳಿದಿತ್ತು.

ಆರ್ಡರು ಬಂತು. ಜೊತೆಗೆ ಒಂದು ಷರತ್ತು. ತಾಜಾ ಸಿಪ್ಪೆಯಿಂದ ತೆಗೆದು ಅತಿಥಿಗಳಿಗೆ ಮಾದರಿಯೆಂದು ಕೊಟ್ಟ ಆ ದಿನದ ಪುಡಿ ತಿಳಿ ಹಳದಿಗೆ ಬಂದಿತ್ತು. ಇನ್ನು ಮುಂದೆ ಅದೇ ಬಣ್ಣ ಬೇಕು. ಕಸದ ಸಿಪ್ಪೆಯಿಂದ ಆ ಬಣ್ಣ ಬರುವುದಿಲ್ಲವೆಂದು ನಾನು ಹೇಳಿದೆ. ಹಾಗಾದರೆ ಹಣ್ಣು ತರಿಸೋಣ ಎಂದರು ಮಾಲೀಕರು. ಹೀಗೆ ಕಸವನ್ನು ಉಳಿಸಲು ಹುಟ್ಟಿದ ಕಾರ್ಖಾನೆ ಹಣ್ಣನ್ನು ಕಸ ಮಾಡಲು ನಿಂತಿತು.

ಕಾಳನ್ನಾದರೂ ಮಾರುವ ಬುದ್ಧಿ ಮಾಲೀಕರಿಗೆ ಬಂತು. ವೈಟ್‌ಫೀಲ್ಡಿನ ಜ್ಯೂಸಿನವರನ್ನು ಕೇಳಿಸಿದರು. ಅವರು ಬೇಡವೆಂದರು. ಗಿರಾಕಿಗಳಿಗೆ ಎದುರಿಗೇ ಕತ್ತರಿಸಿದ ಹಣ್ಣೇ ಆಗಬೇಕಂತೆ, ಸುಲಿದು ತಂದ ಕಾಳೆಂದರೆ ಕಸದಿಂದ ತಂದದ್ದೆನ್ನುತ್ತಾರಂತೆ. ಕಾಳಿನ ಡ್ರಮ್ಮುಗಳಿಗೆ ಟಾರ್ಪಾಲು ಹೊದಿಸಿ, ಎಲೆಯ ಚಿತ್ರದ ಅದೇ ಹಸಿರು ಟೆಂಪೊ ಊರಾಚೆ ಎಲ್ಲೋ ಸುರಿದು ಬರುತ್ತಿತ್ತು.

ಆರಿಸುವ ಹೆಂಗಸರು ಟಿಫಿನ್ ಡಬ್ಬಿಯಲ್ಲಿ ಕಾಳು ತುಂಬಿಕೊಂಡು ಮನೆಗೆ ಒಯ್ಯತೊಡಗಿದರು. ನಾನೂ ಒಯ್ದೆ. ಲಗ್ಗೆರೆಯ ನಮ್ಮ ಗಲ್ಲಿಯಲ್ಲಿ ಆ ದಿನಗಳಲ್ಲಿ ಮಕ್ಕಳ ಬಾಯಿ, ಅಂಗಿ, ಗೋಡೆಯೆಲ್ಲ ಕೆಂಪು. ನಮ್ಮ ಮನೆಯಲ್ಲಿ ಮೊಸರನ್ನಕ್ಕೆ ಹಾಕಿ ಹಾಕಿ ಸಾಕಾಗಿ ಹೋಗಿತ್ತು. ಶೆಡ್ಡಿನ ಪಕ್ಕದ ಹೊಳಪಿನ ಅಂಗಡಿಯ ಯಜಮಾನನಿಗೆ ಇದು ತಿಳಿದು, ಏನ್ ಗುರು, ಹಣ್ಣು ಹಂಚ್ತಿದ್ದೀಯಂತೆ, ಎಲೆಕ್ಷನ್ನಿಗೆ ನಿಲ್ತೀಯಾ ಎಂದು ಮಾಲೀಕರನ್ನು ರಸ್ತೆಯಲ್ಲೇ ತಮಾಷೆ ಮಾಡಿದ. ಮಾಲೀಕರಿಗೆ ಗಾಬರಿಯಾಯಿತು. ಮಾತು ಹರಡಿದರೆ ಕಸದ ಕಥೆ ಕೆಡುತ್ತದಲ್ಲ. ಮಾರನೆಯ ದಿನವೇ ಗೇಟಿನ ಹತ್ತಿರ ಡಬ್ಬಿ ತೆರೆಸಿ ನೋಡಲು ಸೆಕ್ಯುರಿಟಿಯವನಿಗೆ ಹೇಳಿದರು. ಮೊದಲ ಸಂಜೆ ತಾವೇ ಬಂದು ಪಕ್ಕದಲ್ಲಿ ನಿಂತರು.

ಸಾಲಿನಲ್ಲಿ ಮೊದಲು ಇದ್ದವಳು ಕುಷ್ಟಗಿಯಾಕೆ. ಸೆಕ್ಯುರಿಟಿಯವನು ವಯಸ್ಸಾದ ಮನುಷ್ಯ. ತಲೆ ತಗ್ಗಿಸಿಕೊಂಡು, ಡಬ್ಬಿ ತೆಗಿಯಮ್ಮ ಎಂದ. ತೆಗೆದಳು. ಅಂಚಿನವರೆಗೂ ಕಾಳು. ಅಲ್ಲಿ ಸುರಿ ಎಂದು ಡ್ರಮ್ ತೋರಿಸಿದ. ಅವಳು ಡ್ರಮ್ ನೋಡಿದಳು, ಮಾಲೀಕರನ್ನು ನೋಡಿದಳು, ಆಮೇಲೆ ಗೇಟಿನ ನಟ್ಟನಡುವೆ ನಿಂತುಕೊಂಡು ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡಳು. ಅವಸರವಿಲ್ಲದೆ ಜಗಿದಳು. ಬೀಜವನ್ನು ಕೈಗೆ ಉಗುಳಿ ಸೆರಗಿನ ತುದಿಗೆ ಹಾಕಿಕೊಂಡಳು. ಮತ್ತೊಂದು ಹಿಡಿ. ಹೊರಗೆ ತುಮಕೂರು ರಸ್ತೆಯ ಮೇಲುಸೇತುವೆಗೆ ಕಂಬ ಹೂಳುವ ಸದ್ದು ಕೇಳುತ್ತಿತ್ತು. ಮಾಲೀಕರು, ಆಯ್ತು ಓಗಮ್ಮ ಎಂದರು. ಅವಳು ತಲೆಯಾಡಿಸಿ ಇನ್ನೂ ಒಂದು ಹಿಡಿ ತೆಗೆದುಕೊಂಡಳು.

"ತಿನ್ನಾಕತ್ತೀನ್ರಿ. ಹೊರಗ ಒಯ್ಯಂಗಿಲ್ಲ ಅಂದ್ರಲ್ಲ, ಒಳಗೇ ತಿಂದ್ ಮುಗಸ್ತೀನಿ" ಎಂದಳು.

ನಾನು ನನ್ನ ಡಬ್ಬಿ ತೆರೆದೆ. ನನಗೆ ದಾಳಿಂಬೆ ನೋಡಿದರೇ ವಾಕರಿಕೆ ಬರುವಷ್ಟಾಗಿತ್ತು ಆಗ. ಆದರೂ ತಿಂದೆ. ನನ್ನ ಹಿಂದಿನವರೂ ತೆರೆದರು. ಒಂದು ಕಾರ್ಖಾನೆಯ ಹೆಂಗಸರೆಲ್ಲ ಗೇಟಿನಲ್ಲಿ ನಿಂತು ಮಾಲೀಕನ ಮುಖ ನೋಡುತ್ತ ಹಣ್ಣು ತಿನ್ನುವುದನ್ನು ಪಕ್ಕದ ಅಂಗಡಿಯ ಆಳುಗಳು ಹೊರಗೆ ಬಂದು ನೋಡಿದರು. ಅವಳ ಡಬ್ಬಿ ಬರಿದಾಗುವವರೆಗೂ ಯಾರೂ ಕದಲಲಿಲ್ಲ. ಮುಗಿದ ಮೇಲೆ ಅವಳು ಮೂಲೆಯ ನಲ್ಲಿಯಲ್ಲಿ ಡಬ್ಬಿ ತೊಳೆದು, ಸೆರಗಿನಿಂದ ಒರೆಸಿ, ನಡೆದುಕೊಂಡು ಹೋದಳು.

ಮಾರನೆಯ ದಿನ ಅವಳನ್ನು ಒಳಗೆ ಬಿಡಲಿಲ್ಲ. ನಾನು ಮಾಲೀಕರ ಕೋಣೆಗೆ ಹೋಗಿ, ಎಸೆಯುವ ಹಣ್ಣು ತಿಂದದ್ದಕ್ಕೆ ಕೆಲಸದಿಂದ ತೆಗೆಯುತ್ತೀರಾ ಎಂದು ಕೇಳಿದೆ.

"ತಿಂದಿದ್ದಕ್ಕಲ್ಲ ಮೇಡಂ" ಎಂದರು. "ನನ್ ಮುಂದೆ ಅಂಗೆ ನಿಂತ್ಕಂಡು ತಿಂದ್ಲಲ್ಲ, ಅದುಕ್ಕೆ."

ಆ ಮನುಷ್ಯ ನನ್ನೊಡನೆ ಆಡಿದ ಮಾತುಗಳಲ್ಲಿ ಅಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಹಾಗಾದರೆ ನನ್ನನ್ನೂ ತೆಗೆಯಬೇಕಲ್ಲ, ನಾನೂ ತಿಂದೆ ಎಂದೆ. ನೀವು ಓದಿದವರು, ನಿಮ್ಮದು ಬೇರೆ ಎಂದರು. ಅದನ್ನು ಗೌರವವೆಂದೇ ತಿಳಿದು ಹೇಳಿದ್ದರು.

ಆ ವಾರವೇ ಆರ್ಡರಿನ ಜೊತೆ ಕಳಿಸುವ ಪತ್ರಕ್ಕೆ ನನ್ನ ಸಹಿ ಬೇಕಾಯಿತು. ಈ ಪುಡಿ ಪೂರ್ತಿಯಾಗಿ ಜನ ಬಳಸಿ ಬಿಟ್ಟ ಹಣ್ಣಿನ ತ್ಯಾಜ್ಯದಿಂದ ತೆಗೆದದ್ದು ಎಂದು ಬರೆದಿತ್ತು. ಮಾರುಕಟ್ಟೆಯಿಂದ ಕೊಂಡ ಹಣ್ಣಿನಿಂದ ಎಂದು ತಿದ್ದಿದರೆ ಹಾಕುತ್ತೇನೆ ಎಂದೆ. ಮಾಲೀಕರು ಸಲಹೆಗಾರರ ಕಡೆ ನೋಡಿದರು. ಅವರು ಜೇಬಿನಿಂದ ಪೆನ್ನು ತೆಗೆದು, ಹೆಸರಿನ ಹಿಂದಿನ ಡಾಕ್ಟರ್ ಸಮೇತ ಚಂದವಾಗಿ ಸಹಿ ಮಾಡಿ, ಶಾಯಿ ಆರಲೆಂದು ಕಾಗದಕ್ಕೆ ಊದಿದರು. ನಾನು ತಿಂಗಳ ಕೊನೆಗೆ ಬಿಟ್ಟೆ. ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು.

ಕುಷ್ಟಗಿಯಾಕೆ ಗಾರ್ಮೆಂಟ್ಸಿಗೆ ಸೇರಿದಳು. ಬೆಳಿಗ್ಗೆ ಎಷ್ಟೋ ಸಲ ರಸ್ತೆಯಲ್ಲಿ ಎದುರಾಗುತ್ತಿದ್ದಳು. ಅಲ್ಲಿ ಹೇಗಿದೆ ಎಂದು ಕೇಳಿದೆ. ಸರಿಯಾಗಿ ಹೊಲಿದ ಅಂಗಿಯನ್ನು ಬಿಚ್ಚಿ ನೂಲು ಇಟ್ಟುಕೊಳ್ಳಿ ಎಂದು ಇನ್ನೂ ಯಾರೂ ಹೇಳಿಲ್ಲ ಎಂದು ನಕ್ಕಳು. ಎರಡು ವರ್ಷ ಕಳೆದು ಗಂಡನಿಗೆ ಹೊಸಪೇಟೆಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಹೋದರು.

ಕಾರ್ಖಾನೆ ಬಹಳ ದಿನ ನಡೆಯಲಿಲ್ಲ. ದಾಳಿಂಬೆಯ ಬೆಲೆ ಏರಿದಾಗ ಮಾಲೀಕರು ಮತ್ತೆ ಕಸದ ಸಿಪ್ಪೆಗೆ ಇಳಿದರಂತೆ. ಪುಡಿ ಕಂದು ಬಂದದ್ದಕ್ಕೆ ಹೊರದೇಶದವರು ಬೇಡವೆಂದರಂತೆ. ನಿಜವಾದ ಕಸದಿಂದ ತೆಗೆದ ನಿಜವಾದ ಪುಡಿ ಆ ಬಣ್ಣದ ಕಾರಣಕ್ಕೆ ಹಿಂದಿರುಗಿ ಬಂತು. ಮಾಲೀಕರಿಗೆ ಇದರಿಂದ ಏನೂ ಆಗಲಿಲ್ಲ. ಶೆಡ್ಡನ್ನು ಬ್ಯಾಟರಿ ಇಡುವವರಿಗೆ ಬಾಡಿಗೆಗೆ ಕೊಟ್ಟರು.

ಕೆಲವು ವರ್ಷದ ಮೇಲೆ ಒಂದು ಮಧ್ಯಾಹ್ನ ಲ್ಯಾಬಿಗೆ ಅವರ ಫೋನು ಬಂತು. ನನ್ನ ನಂಬರು ಎಲ್ಲಿಂದ ಹುಡುಕಿದರೋ. ಚೆನ್ನಾಗಿದ್ದೀರಾ ಎಂದು ಕೇಳಿ, ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ದನಿ ತಗ್ಗಿಸಿದರು.

"ಮೇಡಂ, ಅಲಸಿನ್ ಹಣ್ಣಿನ್ ಸಿಪ್ಪೇಲಿ ಏನಾರ ಐತಾ?"

"ಇದೆ ಸಾರ್" ಎಂದೆ. "ತುಂಬಾನೇ ಇದೆ."

ಇನ್ನೇನೋ ಕೇಳಲು ಅವರು ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಫೋನಿಟ್ಟು, ಕೆರೆಯೊಂದರಿಂದ ಬಂದಿದ್ದ ನೊರೆ ನೀರಿನ ಬಾಟಲಿಯ ಮುಚ್ಚಳ ತೆಗೆದೆ.